ಬಿ.ಪಿ. ಸರಿಯಿದ್ದರೂ ಐಸಿಯುಗೆ ಒಯ್ದದ್ದೇಕೆ? ಡೆಂಗಿ ರೋಗಿಯ ರಕ್ತಪರಿಚಲನೆಯ ನಿಗಾ ಕುರಿತು

ಕೊಥ್ರೂಡ್‌ವಾಸಿ:
ಈ ಬಳಗದಲ್ಲಿ ವೈದ್ಯರು, ಸಿಸ್ಟರ್‌ಗಳು ಇದ್ದರೆ ದಯವಿಟ್ಟು ತಿಳಿಸಿಕೊಡಬೇಕು. ನನ್ನ ಭಾಮೈದನನ್ನು ಡೆಂಗಿಯೆಂದು ಪುಣೆಯ ಆಸ್ಪತ್ರೆಯೊಂದರ ಸಾಮಾನ್ಯ ವಾರ್ಡಿಗೆ ಸೇರಿಸಿದ್ದೆವು. ಐದನೆಯ ದಿನ ಜ್ವರ ಬಿಟ್ಟಿತು, ಮರುದಿನ ಮನೆಗೆ ಕರೆದೊಯ್ಯಬಹುದೆಂದು ನಾವೆಲ್ಲ ಲೆಕ್ಕ ಹಾಕಿದ್ದೆವು. ಸಂಜೆ ಸಿಸ್ಟರ್ ನೋಡಿದಾಗ ಬಿ.ಪಿ. 112/94, ನಾಡಿ 108, ಬೆರಳಿನ ಯಂತ್ರದಲ್ಲಿ ಆಮ್ಲಜನಕ 98. ಅವರು ಅಂಗಾಲು ಮುಟ್ಟಿ, ಉಗುರು ಒತ್ತಿ ನೋಡಿದವರೇ ಡಾಕ್ಟರನ್ನು ಕರೆಸಿದರು. ಅರ್ಧ ಗಂಟೆಯೊಳಗೆ ಐಸಿಯುಗೆ ಒಯ್ದರು. ಈಗ ಆತ ಗುಣಮುಖನಾಗಿದ್ದಾನೆ. ಆದರೆ 112 ಒಳ್ಳೆಯ ಬಿ.ಪಿ. ಅಲ್ಲವೇ? ಸೂಜಿ ಚುಚ್ಚದೆ, ರಕ್ತ ತೆಗೆಯದೆ ಅವರಿಗೆ ಅಪಾಯ ತಿಳಿದದ್ದು ಹೇಗೆ?

ರಾತ್ರಿಪಾಳಿ ವೈದ್ಯ (ಪುಣೆ):
ಆ ಸಿಸ್ಟರ್ ನೋಡಿದ್ದು 112 ಅನ್ನು ಅಲ್ಲ, 112 ಮತ್ತು 94ರ ನಡುವಿನ ಅಂತರವನ್ನು. ಅದು 18 ಮಾತ್ರ ಇತ್ತು. ಆರೋಗ್ಯವಂತರಲ್ಲಿ ಸುಮಾರು 40 ಇರುತ್ತದೆ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿಗೇ, ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ, ಸೂಕ್ಷ್ಮ ರಕ್ತನಾಳಗಳಿಂದ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಹೊರಗೆ ಸೋರತೊಡಗಬಹುದು. ರಕ್ತನಾಳದೊಳಗಿನ ದ್ರವ ಕಡಿಮೆಯಾದಂತೆ ಹೃದಯ ಪ್ರತಿ ಬಡಿತಕ್ಕೆ ಹೊರದೂಡುವ ರಕ್ತವೂ ಕಡಿಮೆಯಾಗುತ್ತದೆ. ಅದನ್ನು ಸರಿದೂಗಿಸಲು ದೇಹವು ನಾಡಿಯ ವೇಗವನ್ನು ಹೆಚ್ಚಿಸಿ, ಕೈಕಾಲುಗಳ ರಕ್ತನಾಳಗಳನ್ನು ಬಿಗಿಹಿಡಿದು, ಮಿದುಳು ಮತ್ತು ಹೃದಯಕ್ಕೆ ರಕ್ತ ಉಳಿಸಿಕೊಳ್ಳುತ್ತದೆ. ಹೀಗೆ ಬಿಗಿಹಿಡಿದಾಗ ಕೆಳಗಿನ ಅಂಕಿ ಮೇಲೇರುತ್ತದೆ, ಮೇಲಿನದು ಬಹಳ ಹೊತ್ತು ಇದ್ದಲ್ಲೇ ಇರುತ್ತದೆ. ಮೇಲಿನ ಅಂಕಿ ಕುಸಿಯುವವರೆಗೆ ಕಾದು ಕುಳಿತರೆ ಬಹಳಷ್ಟು ಸಮಯ ಕೈಬಿಟ್ಟಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಡೆಂಗಿ ಮಾರ್ಗಸೂಚಿಯು ಈ ಅಂತರ 20 ಅಥವಾ ಅದಕ್ಕಿಂತ ಕಡಿಮೆಯಾದರೆ ಮಕ್ಕಳಲ್ಲಿ ಆಘಾತವೆಂದೇ (ಶಾಕ್, ಅಂದರೆ ಅಂಗಾಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿ) ಪರಿಗಣಿಸುತ್ತದೆ. ವಯಸ್ಕರಲ್ಲಿ ಅದು ಇನ್ನೂ ತೀವ್ರವಾದ ಆಘಾತದ ಸೂಚನೆಯಾಗಿರಬಹುದು ಎನ್ನುತ್ತದೆ.

ಇನ್ನೊಂದು ಸುಲಭ ಲೆಕ್ಕವಿದೆ. ನಾಡಿಯನ್ನು ಮೇಲಿನ ಬಿ.ಪಿ.ಯಿಂದ ಭಾಗಿಸಿ: 108ನ್ನು 112ರಿಂದ ಭಾಗಿಸಿದರೆ 0.96. ಇದು ಸಾಮಾನ್ಯವಾಗಿ 0.5ರಿಂದ 0.7ರೊಳಗೆ ಇರಬೇಕು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ಪರಿಷ್ಕರಿಸಿದ ಮುನ್ನೆಚ್ಚರಿಕೆ ಅಂಕಪಟ್ಟಿಯನ್ನು (ಅಳತೆ ಕೆಟ್ಟಷ್ಟೂ ಹೆಚ್ಚು ಅಂಕ) ಈಗ ಅನೇಕ ಕಡೆ ಬಳಸುತ್ತಾರೆ, ಅದು ಒಳ್ಳೆಯದೇ. ಆದರೆ ಅದರಲ್ಲಿ ಮೇಲಿನ ಬಿ.ಪಿ.ಗೆ ಮಾತ್ರ ಅಂಕವಿದೆ. ತಮ್ಮ ಭಾಮೈದನ ಉಸಿರಾಟ, ಉಷ್ಣಾಂಶ, ಎಚ್ಚರ ಸರಿಯಿದ್ದವೆಂದುಕೊಂಡರೆ ಆ ಪಟ್ಟಿಯ ಪ್ರಕಾರ ಸಿಗುವುದು ನಾಡಿಗೆ ಒಂದೇ ಅಂಕ, ಅಂದರೆ ಅಷ್ಟೇನೂ ಗಾಬರಿಯಿಲ್ಲ ಎಂದಂತೆ. ಪಟ್ಟಿಯನ್ನಷ್ಟೇ ನಂಬಿದ್ದರೆ ಅಂದು ಯಾರೂ ಓಡಿಬರುತ್ತಿರಲಿಲ್ಲ.

ಬಾಂಬೋಳಿ ಸಿಸ್ಟರ್ (ಗೋವಾ):
ಡಾಕ್ಟರ್ ಹೇಳಿದ್ದಕ್ಕೆ ಕೈಯ ಕೆಲಸವನ್ನು ಸೇರಿಸುತ್ತೇನೆ. ರೋಗಿಯ ಕೈಯನ್ನು ಎದೆಯ ಮಟ್ಟಕ್ಕೆ ಹಿಡಿದು, ಬೆರಳ ತುದಿಯನ್ನು ಉಗುರು ಬಿಳಿಚಿಕೊಳ್ಳುವಷ್ಟು ಐದು ಸೆಕೆಂಡು ಒತ್ತಿ ಬಿಡಬೇಕು. ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು; ಮೂರನ್ನು ದಾಟಿದರೆ ನಾವು ಸುಮ್ಮನಿರುವುದಿಲ್ಲ. ವಾರ್ಡಿನಲ್ಲಿ ಎ.ಸಿ. ಜೋರಾಗಿದ್ದರೂ ಕೈ ತಣ್ಣಗಿರುತ್ತದೆ, ಆದ್ದರಿಂದ ಅಂಗಾಲಿನಿಂದ ಮೊಣಕಾಲಿನವರೆಗೆ ಮುಟ್ಟಿ ತಂಪು ಎಲ್ಲಿಯವರೆಗೆ ಏರಿದೆ ಎಂದು ನೋಡುವುದು ನನ್ನ ರೂಢಿ. ಮೂತ್ರದ ಪ್ರಮಾಣವನ್ನೂ ಬರೆದಿಡುತ್ತೇವೆ: ಕಿಲೋ ತೂಕಕ್ಕೆ ಗಂಟೆಗೆ ಅರ್ಧ ಮಿ.ಲೀ.ಗಿಂತ ಕಡಿಮೆಯಾಗಬಾರದು. ಮಳೆಗಾಲದಲ್ಲಿ ರೋಗಿಯ ಕಡೆಯವರು ನಮ್ಮನ್ನು ಕೇಳುವುದು ಪ್ಲೇಟ್‌ಲೆಟ್ ಎಷ್ಟಾಯಿತು, ಪಪ್ಪಾಯಿ ಎಲೆಯ ರಸ ಕೊಡಬಹುದೇ ಎಂದು ಮಾತ್ರ. ಮಧ್ಯಾಹ್ನದಿಂದ ಮೂತ್ರಕ್ಕೆ ಹೋಗಿಲ್ಲವೆಂದು ತಾವಾಗಿ ಹೇಳುವವರು ಅಪರೂಪ.

ವಾಶಿ ಯಂತ್ರಜ್ಞ (ನವಿ ಮುಂಬಯಿ):
ಉಪಕರಣಗಳ ದುರಸ್ತಿ ನನ್ನ ವೃತ್ತಿಯಾದ್ದರಿಂದ ಎರಡು ಮಾತು. ತೋಳಿಗೆ ಕಟ್ಟುವ ತಾನಾಗಿ ಉಬ್ಬುವ ಬಿ.ಪಿ. ಯಂತ್ರವು ಪಟ್ಟಿಯೊಳಗಿನ ಕಂಪನ ಎಲ್ಲಿ ಗರಿಷ್ಠವಾಗುತ್ತದೆಯೋ ಅಲ್ಲಿ ಸರಾಸರಿ ಒತ್ತಡವನ್ನು ಗುರುತಿಸುತ್ತದೆ. ಮೇಲಿನ, ಕೆಳಗಿನ ಅಂಕಿಗಳನ್ನು ತಯಾರಕರ ಸೂತ್ರದಿಂದ ಅಂದಾಜು ಮಾಡುತ್ತದೆ. ಹಾಗಾಗಿ ನಾಡಿ ಕ್ಷೀಣವಾಗಿದ್ದಾಗ ಅಥವಾ ಲಯ ತಪ್ಪಿದಾಗ ಅಂತರದ ಲೆಕ್ಕವೇ ಕೆಡಬಹುದು, ಕೈಯಿಂದ ಇನ್ನೊಮ್ಮೆ ನೋಡುವುದು ಲೇಸು. ಸಣ್ಣ ಪಟ್ಟಿ ಕಟ್ಟಿದರೆ ಅಂಕಿ ಸುಳ್ಳಾಗಿ ಏರುತ್ತದೆ. ಬೆರಳಿನ ಆಕ್ಸಿಮೀಟರ್ 98 ತೋರಿಸಿದರೆ ಆ ರಕ್ತದಲ್ಲಿ ಆಮ್ಲಜನಕ ತುಂಬಿದೆ ಎಂದಷ್ಟೇ ಅರ್ಥ. ಅಂಥ ರಕ್ತ ಸಾಕಷ್ಟು ಹರಿಯುತ್ತಿದೆ ಎಂದಲ್ಲ. ಕೆಲವು ಯಂತ್ರಗಳಲ್ಲಿ ಪರ್ಫ್ಯೂಷನ್ ಇಂಡೆಕ್ಸ್ ಎಂಬ ಇನ್ನೊಂದು ಅಂಕಿ ಇರುತ್ತದೆ, ನಾಡಿಯೊಂದಿಗೆ ಏರಿಳಿಯುವ ಬೆಳಕಿನ ಪಾಲು ಅದು. ಒಬ್ಬರಿಂದೊಬ್ಬರಿಗೆ ಬಹಳ ವ್ಯತ್ಯಾಸವಿರುವುದರಿಂದ ಒಂದು ಸಲದ ಅಂಕಿಗೆ ಬೆಲೆಯಿಲ್ಲ, ಅದೇ ಬೆರಳಿನಲ್ಲಿ ಗಂಟೆಗಂಟೆಗೆ ಇಳಿಯುತ್ತಿದ್ದರೆ ಬೆಲೆಯಿದೆ.

ರಾತ್ರಿಪಾಳಿ ವೈದ್ಯ (ಪುಣೆ):
ಸಿಸ್ಟರ್ ಹೇಳಿದ ಉಗುರು ಪರೀಕ್ಷೆಯನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವವರಿದ್ದಾರೆ. ದಕ್ಷಿಣ ಅಮೆರಿಕದ ಐದು ದೇಶಗಳಲ್ಲಿ ಸೋಂಕಿನಿಂದ ಆಘಾತಕ್ಕೊಳಗಾದ 424 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪಿನ ಚಿಕಿತ್ಸೆಯನ್ನು ಬೆರಳು ಒತ್ತಿ ನೋಡಿ, ಇನ್ನೊಂದರದ್ದನ್ನು ರಕ್ತದ ಲ್ಯಾಕ್ಟೇಟ್ (ಅಂಗಾಂಶಗಳಿಗೆ ಆಮ್ಲಜನಕ ಸಾಲದಾದಾಗ ಏರುವ ಪದಾರ್ಥ) ನೋಡಿ ನಿರ್ಧರಿಸಿದರು. 28 ದಿನಗಳೊಳಗೆ ಮೊದಲ ಗುಂಪಿನಲ್ಲಿ ಶೇ 34.9, ಎರಡನೆಯದರಲ್ಲಿ ಶೇ 43.4 ಮಂದಿ ತೀರಿಕೊಂಡರು. ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನಲ್ಲಿ ಈ ವ್ಯತ್ಯಾಸ ಖಚಿತವಲ್ಲ, ಆದರೆ ಖರ್ಚಿಲ್ಲದ ಪರೀಕ್ಷೆಯನ್ನು ಕಡೆಗಣಿಸಲು ಕಾರಣವೂ ಉಳಿಯುವುದಿಲ್ಲ.

ಕೊಥ್ರೂಡ್‌ವಾಸಿ:
ಎಲ್ಲರಿಗೂ ಕೃತಜ್ಞತೆಗಳು. ನಮ್ಮ ತಾಯಿಯವರು ಬಿ.ಪಿ.ಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆಯೇ?

ರಾತ್ರಿಪಾಳಿ ವೈದ್ಯ (ಪುಣೆ):
ಇಲ್ಲ. ಆ ಮಾತ್ರೆ ನಾಡಿಯನ್ನು ಏರಗೊಡುವುದಿಲ್ಲವಾದ್ದರಿಂದ ಭಾಗಾಕಾರದ ಲೆಕ್ಕ ಅವರಲ್ಲಿ ಮೋಸ ಮಾಡುತ್ತದೆ. ದಿನವೂ 150 ಇರುವವರಿಗೆ 112 ಎಂಬುದೇ ಕುಸಿತ. ಅವರು ಆರೋಗ್ಯವಾಗಿರುವಾಗಿನ ಬಿ.ಪಿ., ನಾಡಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟು, ಆಸ್ಪತ್ರೆಗೆ ಸೇರಿಸುವ ಪ್ರಸಂಗ ಬಂದರೆ ಮಾತ್ರೆಯ ಹೆಸರಿನೊಂದಿಗೆ ಮೊದಲು ಅದನ್ನೇ ಕೊಡಿ.