ಮೂರನೇ ಸಿಲಿಂಡರಿನ ಇಗ್ನಿಷನ್ ಕಾಯಿಲ್ ಪದೇ ಪದೇ ಸುಡುತ್ತಿದೆ, ಅನುಭವವಿದ್ದವರು ತಿಳಿಸಿ

ಜಮಖಂಡಿ:
ಎಲ್ಲರಿಗೂ ನಮಸ್ಕಾರ. ನನ್ನದು 2018ರ ಮಾದರಿಯ, ನಾಲ್ಕು ಸಿಲಿಂಡರಿನ, ಪೆಟ್ರೋಲ್ ಮತ್ತು ಸಿಎನ್‌ಜಿ ಎರಡರಲ್ಲೂ ಓಡುವ ಸೆಕೆಂಡ್ ಹ್ಯಾಂಡ್ ಪಿಕಪ್. ಪ್ರತಿ ಪ್ಲಗ್ಗಿಗೂ ಕಿಡಿಯ ಕರೆಂಟ್ ಕೊಡುವ ಬೇರೆ ಬೇರೆ ಕಾಯಿಲ್ ಇದ್ದು, ಪ್ರತಿಯೊಂದಕ್ಕೂ ಎರಡೇ ಪಿನ್. ಕಾಯಿಪಲ್ಲೆ ಹೇರಿಕೊಂಡು ಬಾಗಲಕೋಟೆಗೆ ಹೊರಟಾಗ ಗಾಡಿ ಏರಿನಲ್ಲಿ ಮಿಸ್ಸಿಂಗ್ ಹೊಡೆಯುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0303 (ಮೂರನೇ ಸಿಲಿಂಡರ್ ಮಿಸ್ಸಿಂಗ್) ಮತ್ತು ಪಿ0353 (ಮೂರನೇ ಕಾಯಿಲ್ ಸರ್ಕ್ಯೂಟಿನ ದೋಷ) ಕೋಡ್ ಬರುತ್ತವೆ. ಮೂರನೇ ಕಾಯಿಲ್ ಬದಲಿಸಿದರೆ ಸರಿಹೋಗುತ್ತದೆ, ಕೆಲವೇ ವಾರಗಳಲ್ಲಿ ಹೊಸದೂ ಸುಡುತ್ತದೆ. ಉಳಿದ ಮೂರಕ್ಕೆ ಏನೂ ಆಗಿಲ್ಲ. ಇಂಥದ್ದನ್ನು ಎದುರಿಸಿದವರು ಕಾರಣ ತಿಳಿಸಬೇಕಾಗಿ ವಿನಂತಿ.

ತಿಕೋಟಾ:
ಅಣ್ಣಾವ್ರೇ, ಮೊದಲು ಪ್ಲಗ್ ಬಿಚ್ಚಿ ನೋಡಿ. ನಾನು ದ್ರಾಕ್ಷಿ ಹಂಗಾಮಿನಲ್ಲಿ ಸೋಲಾಪುರಕ್ಕೆ ಗಾಡಿ ಓಡಿಸುವವನು. ಸಿಎನ್‌ಜಿಯಲ್ಲಿ ಕಿಡಿ ಹಾರಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್ ಸವೆದು ಕಿಡಿ ಹಾರುವ ತುದಿಯ ಗ್ಯಾಪ್ ದೊಡ್ಡದಾದಷ್ಟೂ ಕಾಯಿಲ್ ಮೇಲಿನ ಒತ್ತಡ ಏರುತ್ತಾ ಹೋಗಿ, ಕೊನೆಗೆ ಒಳಗಿನ ಇನ್ಸುಲೇಷನ್ ಒಡೆಯುತ್ತದೆ. ನನ್ನ ಪ್ಲಗ್‌ಗಳ ಗ್ಯಾಪ್ 1.3 ಮಿಲಿಮೀಟರ್‌ಗೆ ಬಂದಿತ್ತು. ಗ್ಯಾರೇಜಿನವರು ಅದನ್ನು ನೋಡದೆ 2,150 ರೂಪಾಯಿಯ ಕಾಯಿಲ್ ಹಾಕುತ್ತಲೇ ಹೋದರು. ಮೇಲೆ ಪ್ರತಿ ಸಲ 300 ರೂಪಾಯಿ ಕೂಲಿ, ಸ್ಕ್ಯಾನಿಂಗಿಗೆ 500, ನಡುದಾರಿಯಲ್ಲಿ ಕೆಟ್ಟು ನಿಂತಾಗ ಹಣ್ಣನ್ನು ಬೇರೆ ಗಾಡಿಗೆ ಹೇರಿಸಿ ಕಳಿಸಿದ್ದಕ್ಕೆ 3,800. ಕೊನೆಗೆ ನಾನೇ ಗ್ಯಾಪ್ ಅಳೆಯುವ ಫೀಲರ್ ಗೇಜ್ ತಂದು, ಹೊಸ ಪ್ಲಗ್‌ಗಳಿಗೆ 0.8 ಗ್ಯಾಪ್ ಇಟ್ಟು ಹಾಕಿದೆ. ಅಂದಿನಿಂದ ಒಂದು ಕಾಯಿಲ್ ಕೂಡ ಹೋಗಿಲ್ಲ.

ಖಾನಾಪುರ:
ತಿಕೋಟಾದವರು ಒಣ ಸೀಮೆಯಲ್ಲಿ ಓಡಿಸುವುದರಿಂದ ಹಾಗೆ ಹೇಳುತ್ತಾರೆ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ತರಕಾರಿ ಒಯ್ಯುವವರನ್ನು ಕೇಳಿ, ಕಾಯಿಲ್ ಕೊಲ್ಲುವುದು ಎಣ್ಣೆ ಮತ್ತು ನೀರು. ನನ್ನ ಗಾಡಿಯಲ್ಲಿ ಟ್ಯಾಪೆಟ್ ಕವರ್ (ಇಂಜಿನ್ನಿನ ಮೇಲ್ಮುಚ್ಚಳ) ಪ್ಯಾಕಿಂಗ್ ಗಟ್ಟಿಯಾಗಿ, ಪ್ಲಗ್ ಕೂರುವ ಗುಂಡಿಯಲ್ಲಿ ಇಂಜಿನ್ ಆಯಿಲ್ ನಿಂತಿತ್ತು. ಕಾಯಿಲ್ ಎಳೆದರೆ ಕೆಳಗಿನ ರಬ್ಬರ್ ಬೂಟು ಉಬ್ಬಿ ಮೆತ್ತಗಾಗಿತ್ತು, ಒಳಮೈಯಲ್ಲಿ ಪೆನ್ಸಿಲಿನಿಂದ ಎಳೆದಂತೆ ಒಂದು ಕಪ್ಪು ಗೆರೆ ಮೇಲಿಂದ ಕೆಳಗಿನವರೆಗೆ ಇಳಿದಿತ್ತು. ಕಿಡಿ ಪ್ಲಗ್ಗಿನ ತುದಿಗೆ ಹೋಗುವ ಬದಲು ಆ ಗೆರೆಯ ಮೇಲೆ ಹರಿದು ಇಂಜಿನ್ನಿನ ಲೋಹಕ್ಕೆ ಸೇರುತ್ತಿತ್ತು. ಪ್ಯಾಕಿಂಗ್ ಸೆಟ್ಟಿಗೆ 780 ರೂಪಾಯಿ, ಬಿಚ್ಚಿ ಕೂರಿಸಲು 600. ಈ 1,380 ರೂಪಾಯಿ ಉಳಿಸಲು ಹೋಗಿ ಜನ ಸಾವಿರಾರು ರೂಪಾಯಿಯ ಕಾಯಿಲ್ ಸುಡುತ್ತಾರೆ. ಇಂಜಿನ್ ಮೇಲೆ ನೇರವಾಗಿ ಪ್ರೆಷರ್ ನೀರು ಹೊಡೆಸುವ ಸರ್ವಿಸಿಂಗ್ ಸೆಂಟರ್‌ಗೆ ನಾನು ಈಗ ಕಾಲಿಡುವುದಿಲ್ಲ.

ಮುಧೋಳ:
ಎರಡು ಸಾವಿರದ ಕಾಯಿಲ್ ಯಾಕೆ ಹಾಕಬೇಕು? ಕೊಲ್ಹಾಪುರದಿಂದ ತರಿಸಿದ 650 ರೂಪಾಯಿಯ ಕಾಯಿಲ್ ಮೇಲೆ ನಾನು ಕಬ್ಬಿನ ಹಂಗಾಮು ಪೂರ್ತಿ ಗಾಡಿ ಓಡಿಸಿದ್ದೇನೆ. ಒಂದು ಹೋದರೆ ನಾಲ್ಕನ್ನೂ ಬದಲಿಸಿ, 2,600ರಲ್ಲಿ ಕೆಲಸ ಮುಗಿಯುತ್ತದೆ, ಒಂದನ್ನು ಹೆಚ್ಚಿಗೆ ಗಾಡಿಯಲ್ಲಿಯೇ ಇಟ್ಟುಕೊಳ್ಳಿ.

ತಿಕೋಟಾ:
ಮುಧೋಳದವರೇ, ನಿಮ್ಮ ಮಾತು ನಂಬಿ ಬಡವರು ಹಾಳಾಗುತ್ತಾರೆ. ಅಗ್ಗದ ಕಾಯಿಲ್‌ನಲ್ಲಿ ಒಳಗಿನ ತಂತಿ ಮತ್ತು ರಾಳ ಎಂಥದ್ದಿರುತ್ತದೆ ಎಂದು ಯಾರಾದರೂ ಒಡೆದು ನೋಡಿದ್ದೀರಾ? ನಾನು ನೋಡಿದ್ದೇನೆ. ಬಿಲ್ ಇಲ್ಲ, ಗ್ಯಾರಂಟಿ ಇಲ್ಲ.

ಮುಧೋಳ:
ಬಿಲ್ ಇದ್ದ ನಿಮ್ಮ ಕಾಯಿಲ್‌ಗಳೂ ಸುಟ್ಟವಲ್ಲ? ಎಲೆಕ್ಟ್ರಿಕಲ್ ಸಾಮಾನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಅಂಗಡಿಯವರು ಆ ಬಿಲ್ಲಿನ ಮೇಲೆಯೇ ಅಚ್ಚು ಹಾಕಿರುತ್ತಾರೆ. ನನ್ನ ದುಡ್ಡಿನಲ್ಲಿ ನಾನು ತಂದದ್ದು ನಡೆಯುತ್ತಿದೆ. ನಡೆಯುತ್ತಿರುವುದನ್ನು ಕೆಟ್ಟದ್ದು ಎನ್ನುವ ಹಕ್ಕು ನಿಮಗಿಲ್ಲ.

ಉದ್ಯಮಬಾಗ, ಬೆಳಗಾವಿ:
ನಾನು ಆಟೊ ಎಲೆಕ್ಟ್ರಿಷಿಯನ್. ಇಲ್ಲಿ ಎಲ್ಲರೂ ತಮ್ಮ ಗಾಡಿಯ ಕಥೆ ಹೇಳುತ್ತಿದ್ದೀರಿ, ಜಮಖಂಡಿಯವರು ಬರೆದ ಒಂದು ವಾಕ್ಯವನ್ನು ಯಾರೂ ಗಮನಿಸಿಲ್ಲ: ಸುಡುತ್ತಿರುವುದು ಮೂರನೆಯದು ಮಾತ್ರ. ನಾಲ್ಕು ಪ್ಲಗ್ ಒಟ್ಟಿಗೆ ಸವೆಯುತ್ತವೆ; ಆಲ್ಟರ್ನೇಟರಿನ ರೆಗ್ಯುಲೇಟರ್ ಕೆಟ್ಟು ಚಾರ್ಜಿಂಗ್ 15 ವೋಲ್ಟ್ ದಾಟಿದರೂ ನಾಲ್ಕೂ ಕಾಯಿಲ್ ಬಿಸಿಯಾಗುತ್ತವೆ. ಒಂದೇ ಕಡೆ ಪದೇ ಪದೇ ಆಗುತ್ತಿದ್ದರೆ ದೋಷವನ್ನು ಆ ಒಂದು ಸಿಲಿಂಡರಿನ ಗುಂಡಿ, ಪ್ಲಗ್, ಕನೆಕ್ಟರ್, ವೈರ್ ಮತ್ತು ಇಸಿಯುನಲ್ಲಿರುವ (ಇಂಜಿನ್ ನಡೆಸುವ ಕಂಪ್ಯೂಟರ್) ಅದರ ಡ್ರೈವರಿನಲ್ಲಿ, ಅಂದರೆ ಆ ಕಾಯಿಲನ್ನು ಚಾಲೂ ಬಂದ್ ಮಾಡುವ ಸ್ವಿಚ್ಚಿನಲ್ಲಿ ಹುಡುಕಬೇಕು.

ಎರಡು ಪಿನ್ನಿನ ಕಾಯಿಲ್‌ನಲ್ಲಿ ಒಂದಕ್ಕೆ ಕೀ ಆನ್ ಇರುವಾಗ 12 ವೋಲ್ಟ್ ಸದಾ ಬರುತ್ತಿರುತ್ತದೆ. ಇನ್ನೊಂದನ್ನು ಇಸಿಯು ಕೆಲವೇ ಮಿಲಿಸೆಕೆಂಡು ಅರ್ಥಿಂಗ್‌ಗೆ ಜೋಡಿಸಿ ಬಿಡುತ್ತದೆ, ಬಿಟ್ಟ ಕ್ಷಣಕ್ಕೆ ಕಿಡಿ ಹಾರುತ್ತದೆ. ಆ ಎರಡನೇ ವೈರಿನ ಮೈ ಎಲ್ಲಿಯಾದರೂ ಸುಲಿದು ಗಾಡಿಯ ಲೋಹಕ್ಕೆ ತಾಗಿದರೆ ಕಾಯಿಲ್ ಬಿಡುವಿಲ್ಲದೆ ಚಾಲೂ ಇರುತ್ತದೆ. ಇಂಥ ಕಾಯಿಲ್‌ನ ಪ್ರೈಮರಿ (ಬ್ಯಾಟರಿ ಕಡೆಯ ಸುರುಳಿ) ರೆಸಿಸ್ಟೆನ್ಸ್ ಹೆಚ್ಚಾಗಿ 1 ಓಮ್‌ನ ಆಸುಪಾಸು, ಅಂದರೆ 10 ಆಂಪಿಯರಿಗೂ ಮೀರಿದ ಕರೆಂಟ್ ನಿರಂತರ ಹರಿಯುತ್ತದೆ. ಅದನ್ನು 650ರ ಕಾಯಿಲ್ ತಡೆಯುವುದಿಲ್ಲ, 2,150ರ ಕಾಯಿಲ್ಲೂ ತಡೆಯುವುದಿಲ್ಲ. ಬ್ಯಾಟರಿ ಟರ್ಮಿನಲ್, ಇಸಿಯು ಕನೆಕ್ಟರ್ ಮತ್ತು ಕಾಯಿಲ್ ಕನೆಕ್ಟರ್ ಮೂರನ್ನೂ ಬಿಡಿಸಿ, ಆ ವೈರಿನಿಂದ ಗಾಡಿಯ ಲೋಹಕ್ಕೆ ಮಲ್ಟಿಮೀಟರ್ ಹಿಡಿದು, ಹಾರ್ನೆಸ್ಸನ್ನು (ವೈರುಗಳ ಕಟ್ಟು) ಕೈಯಿಂದ ಅಲುಗಾಡಿಸುತ್ತಾ ನೋಡಿ; ಮೀಟರ್ ಕೂಗಿದರೆ ವೈರ್ ಲೋಹಕ್ಕೆ ತಾಗುತ್ತಿದೆ ಎಂದರ್ಥ.

ಖಾನಾಪುರ:
ಎಣ್ಣೆ ಇಳಿಯುವುದೂ ಒಂದೇ ಗುಂಡಿಗೆ ಆಗಬಹುದು, ಎಲೆಕ್ಟ್ರಿಷಿಯನ್ನರೇ. ನನ್ನದೂ ಒಂದೇ ಗುಂಡಿ ಇತ್ತು. ಮೀಟರ್ ಹಿಡಿದವರೆಲ್ಲ ನನ್ನಿಂದ ದುಡ್ಡು ತೆಗೆದುಕೊಂಡರೇ ಹೊರತು ಒಬ್ಬರೂ ಕಾಯಿಲ್ ಎಳೆದು ಒಳಗೆ ಟಾರ್ಚ್ ಬಿಟ್ಟು ನೋಡಲಿಲ್ಲ.

ಉದ್ಯಮಬಾಗ, ಬೆಳಗಾವಿ:
ಮೊದಲು ಗುಂಡಿ ಎಂದೇ ನಾನೂ ಬರೆದಿದ್ದೇನೆ, ದಯವಿಟ್ಟು ಪೂರ್ತಿ ಓದಿ. ಬೇರೆಯವರು ತೆಗೆದುಕೊಂಡ ದುಡ್ಡಿಗೆ ನನ್ನ ಮೇಲೆ ಸಿಟ್ಟು ತೋರಿಸಬೇಡಿ.

ಇಂಡಿ:
ನಮ್ಮ ತಂದೆಯವರ ಕಾರ್ಬ್ಯುರೇಟರ್ ಕಾಲದ ಪೆಟ್ರೋಲ್ ಗಾಡಿಯಲ್ಲಿಯೂ ಇದೇ ಗೋಳಿತ್ತು. ಒಂದೇ ಕಾಯಿಲ್, ಅದರ ಕಿಡಿಯನ್ನು ಎಲ್ಲ ಪ್ಲಗ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್, ಕಾಯಿಲ್‌ಗೆ ಮುಂಚೆ ಕರೆಂಟ್ ತಗ್ಗಿಸುವ ಒಂದು ಬಲಾಸ್ಟ್ ರೆಸಿಸ್ಟರ್. ಯಾರೋ ಮಿಸ್ತ್ರಿ ಆ ರೆಸಿಸ್ಟರನ್ನು ಕಿತ್ತು ನೇರ ವೈರ್ ಕೊಟ್ಟಿದ್ದ. ಬಲಾಸ್ಟ್ ಜೊತೆ ನಡೆಯಬೇಕಾದ 1.5 ಓಮ್ ಕಾಯಿಲ್‌ಗೆ ಪೂರ್ತಿ 12 ವೋಲ್ಟ್ ಹೋಗಿ, ಲಿಂಬೆಹಣ್ಣಿನ ಲೋಡು ಹೊತ್ತು ಹೊರಟಾಗಲೆಲ್ಲ ಕಾಯಿಲ್ ಕಾದು ಗಾಡಿ ನಿಲ್ಲುತ್ತಿತ್ತು. 3 ಓಮ್ ಕಾಯಿಲ್ ಹಾಕಿದ ಮೇಲೆ ನಿಂತದ್ದಿಲ್ಲ. ಈಗಿನವರು ಓಮ್ ನೋಡದೆ ಕಾಯಿಲ್ ಕೊಳ್ಳುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಜಮಖಂಡಿ:
ಎಲ್ಲರಿಗೂ ಧನ್ಯವಾದ. ಗುಂಡಿ ಒಣಗಿದೆ, ಪ್ಲಗ್ ಗ್ಯಾಪ್ 0.9 ಇದೆ. ಹಾರ್ನೆಸ್ ಅಲುಗಾಡಿಸಿದಾಗ ಮೀಟರ್ ಕೂಗಿತು. ಗ್ಯಾಸ್ ಪೈಪನ್ನು ಹಿಡಿದಿರುವ ಕ್ಲಾಂಪಿನ ಅಂಚಿಗೆ ವೈರ್ ಉಜ್ಜಿ ಉಜ್ಜಿ ತಾಮ್ರ ಕಾಣುತ್ತಿದೆ. ಕನೆಕ್ಟರಿನ ಒಂದು ಪಿನ್ ಸಹ ಸಡಿಲವಾಗಿದೆ. ವೈರಿಗೆ ಟೇಪ್ ಸುತ್ತಿದರೆ ಸಾಕೇ?

ಮುಧೋಳ:
ಸಾಕು. ಒಳ್ಳೆಯ ಟೇಪ್ ಇದ್ದರೆ ಏನೂ ಆಗುವುದಿಲ್ಲ.

ಉದ್ಯಮಬಾಗ, ಬೆಳಗಾವಿ:
ಸಾಕಾಗುವುದಿಲ್ಲ. ಇಂಜಿನ್ ಬಿಸಿಗೆ ಟೇಪಿನ ಅಂಟು ಕರಗಿ ಅದು ಜಾರಿಬಿಡುತ್ತದೆ. ಸುಲಿದ ಭಾಗವನ್ನು ಕತ್ತರಿಸಿ, ಅದೇ ದಪ್ಪದ ಹೊಸ ವೈರ್ ಬೆಸುಗೆ ಹಾಕಿ, ಹೀಟ್ ಸ್ಲೀವ್ ಏರಿಸಿ, ಹಾರ್ನೆಸ್ಸನ್ನು ಕ್ಲಾಂಪಿನಿಂದ ದೂರ ಕಟ್ಟಿಸಿ. ಸಡಿಲ ಪಿನ್ ಒತ್ತಿ ಬಿಗಿ ಮಾಡಬೇಡಿ, ವೈರ್ ಸಮೇತ ಬರುವ ಹೊಸ ಕನೆಕ್ಟರನ್ನೇ ಹಾಕಿಸಿ. ಇಷ್ಟಾದ ಮೇಲೆ ಮೂರನೇ ಕಾಯಿಲನ್ನು ಒಂದನೇ ಸಿಲಿಂಡರಿಗೆ, ಒಂದನೆಯದನ್ನು ಮೂರಕ್ಕೆ ಅದಲು ಬದಲು ಮಾಡಿ ಲೋಡು ಹೇರಿ ಓಡಿಸಿ. ಕೋಡ್ ಪಿ0301 (ಒಂದನೇ ಸಿಲಿಂಡರ್ ಮಿಸ್ಸಿಂಗ್) ಬಂದರೆ ಆ ಕಾಯಿಲ್ ಆಗಲೇ ಪೆಟ್ಟು ತಿಂದಿದೆ ಎಂದರ್ಥ. ಮತ್ತೆ ಪಿ0353 ಬಂದರೆ ಇಸಿಯು ಡ್ರೈವರ್ ಪರೀಕ್ಷಿಸಬೇಕಾಗುತ್ತದೆ. ಅಲ್ಲಿಯವರೆಗೆ ಹೊಸ ಕಾಯಿಲ್ ಕೊಳ್ಳಬೇಡಿ.