‘ಡಾರ್ಕ್ ವಾಟರ್’: ಆ ತಾಯಿ ಲಿಫ್ಟಿನಲ್ಲೇ ಉಳಿದದ್ದೇಕೆ?

ಪ್ರಶ್ನೆ: ತೊಟ್ಟಿಮನೆ

ಹಿಡೆಯೊ ನಕಾಟ ನಿರ್ದೇಶನದ, 2002ರಲ್ಲಿ ತೆರೆಕಂಡ ಜಪಾನೀ ಚಿತ್ರ ‘ಡಾರ್ಕ್ ವಾಟರ್’ ಅನ್ನು ಕಳೆದ ವಾರ ನೋಡಿದೆ. (ಕೊನೆಯ ದೃಶ್ಯದ ಮಾತು ಬರುವುದರಿಂದ, ಚಿತ್ರ ನೋಡದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.) ವಿಚ್ಛೇದನದ ವ್ಯಾಜ್ಯದಲ್ಲಿರುವ ಯೋಶಿಮಿ ಪುಟ್ಟ ಮಗಳು ಇಕುಕೊಳನ್ನು ಕಟ್ಟಿಕೊಂಡು ಹಳೆಯ ಅಪಾರ್ಟ್‌ಮೆಂಟೊಂದಕ್ಕೆ ಬಾಡಿಗೆಗೆ ಬರುತ್ತಾಳೆ. ಚಾವಣಿಯಲ್ಲಿ ಒದ್ದೆಯ ಕಲೆ ದಿನದಿನಕ್ಕೆ ಹರಡುತ್ತದೆ, ಎಸೆದ ಕೆಂಪು ಬ್ಯಾಗು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ದೆವ್ವ ಸರಿಯಾಗಿ ಕಾಣಿಸಿಕೊಳ್ಳುವುದೇ ಅಪರೂಪ; ಹಾಗಿದ್ದೂ ಆ ರಾತ್ರಿ ನನಗೆ ನಲ್ಲಿ ತಿರುಗಿಸಲು ಕೈ ಬರಲಿಲ್ಲ. ಅಷ್ಟರಮಟ್ಟಿಗೆ ಚಿತ್ರ ಗೆದ್ದಿದೆ. ಆದರೆ ಮಗಳು ಕೈತಪ್ಪಬಾರದೆಂದು ಚಿತ್ರದುದ್ದಕ್ಕೂ ಹೋರಾಡಿದ ತಾಯಿ, ಕೊನೆಗೆ ಅವಳನ್ನು ತಾನಾಗಿಯೇ ಬಿಟ್ಟು ಸತ್ತ ಮಗುವಿನ ತಾಯಿಯಾಗುವುದು ನನಗೆ ಒಪ್ಪಿಗೆಯಾಗಲಿಲ್ಲ. ಇದು ಕತೆ ಮುಗಿಸಲು ಹುಡುಕಿದ ಸುಲಭದ ದಾರಿಯೇ?

ಉತ್ತರ: ಹಳೇರೀಲು

ಮೊದಲ ದೃಶ್ಯವನ್ನು ಇನ್ನೊಮ್ಮೆ ನೋಡಿ. ಮಳೆ ಸುರಿಯುತ್ತಿದೆ, ಶಿಶುವಿಹಾರದ ಉಳಿದ ಮಕ್ಕಳೆಲ್ಲ ಮನೆಗೆ ಹೋಗಿಯಾಗಿದೆ, ಒಬ್ಬ ಹುಡುಗಿ ಮಾತ್ರ ತಾಯಿಯ ದಾರಿ ಕಾಯುತ್ತಿದ್ದಾಳೆ. ಅವಳು ಚಿಕ್ಕಂದಿನ ಯೋಶಿಮಿ. ಮುಂದೆ ಕೆಲಸ ಹುಡುಕುತ್ತ ತಡವಾದಾಗ ಇಕುಕೊ ಹಾಗೆಯೇ ಕಾಯುತ್ತಾಳೆ. ದೆವ್ವವಾಗಿ ಕಾಡುವ ಸತ್ತ ಹುಡುಗಿ, ಹಳದಿ ರೇನ್‌ಕೋಟಿನ ಮಿತ್ಸುಕೊ ಕೂಡ ಯಾರೂ ಕರೆದೊಯ್ಯಲು ಬಾರದೆ ಉಳಿದುಹೋದ ಮಗುವೇ. ಹಾಗಾಗಿ ಲಿಫ್ಟಿನೊಳಗೆ ತಾನು ಎತ್ತಿಕೊಂಡು ಓಡಿಬಂದದ್ದು ಇಕುಕೊಳನ್ನಲ್ಲ, ನಿಜವಾದ ಇಕುಕೊ ಅಲ್ಲಿ ಎದುರಿಗೆ ನಡೆದು ಬರುತ್ತಿದ್ದಾಳೆ ಎಂದು ಯೋಶಿಮಿಗೆ ತಿಳಿಯುವ ಗಳಿಗೆಯಲ್ಲಿ, ಕುತ್ತಿಗೆಗೆ ಜೋತುಬಿದ್ದಿರುವ ಆ ಮಗುವಿನ ಹಟ ಎಂಥದ್ದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಕೊಡವಿಕೊಂಡರೆ ಅದು ಇಕುಕೊಳನ್ನು ಬಿಡುವುದಿಲ್ಲ. ಹತ್ತಿರ ಬರಬೇಡವೆಂದು ಮಗಳನ್ನು ತಡೆದು, ಬಾಗಿಲು ಮುಚ್ಚಲು ಬಿಡುತ್ತಾಳೆ. ಮಗಳು ಅಳುತ್ತ ಮೆಟ್ಟಿಲೇರಿ ಮೇಲಿನ ಮಹಡಿಗೆ ಓಡಿದಾಗ, ತೆರೆದ ಲಿಫ್ಟಿನಿಂದ ಕೆಸರುನೀರು ಮಾತ್ರ ಹೊರಗೆ ನುಗ್ಗುತ್ತದೆ. ನನಗೆ ಇದರಲ್ಲಿ ಸುಲಭವಾದದ್ದೇನೂ ಕಾಣಲಿಲ್ಲ.

ಉತ್ತರ: ಮಬ್ಬುಹಗಲು

ನಲ್ಲಿಯ ಬಗ್ಗೆ ನೀವು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನೀರಿನ ಭಯವೆಂದರೆ ನಮಗೆ ನೆನಪಾಗುವುದು ಕಡಲು, ಸುಳಿ, ಆಳದ ಬಾವಿ. ಈ ಚಿತ್ರದಲ್ಲಿ ಅಂಥದ್ದೇನೂ ಇಲ್ಲ. ಇಲ್ಲಿರುವುದು ಸೋರುವ ಚಾವಣಿ, ತೊಟ್ಟಿಕ್ಕುವ ಹನಿಗೆ ಇಟ್ಟ ಪಾತ್ರೆ, ಕುಡಿಯಲು ಹಿಡಿದ ಲೋಟದಲ್ಲಿ ಕಾಣುವ ಒಂದು ಕೂದಲೆಳೆ. ಮಿತ್ಸುಕೊ ಬಿದ್ದದ್ದು ಮಹಡಿಯ ಮೇಲಿನ ಟ್ಯಾಂಕಿಗೆ ಎಂದು ಗೊತ್ತಾದ ಕೂಡಲೇ ಪ್ರೇಕ್ಷಕರು ಹಿಂದಿನ ದೃಶ್ಯಗಳನ್ನೆಲ್ಲ ಲೆಕ್ಕ ಹಾಕತೊಡಗುತ್ತಾರೆ: ಇಷ್ಟು ದಿನ ಈ ತಾಯಿ ಮಗಳು ಅಡಿಗೆ ಮಾಡಿದ್ದು, ಸ್ನಾನ ಮಾಡಿದ್ದು ಯಾವ ನೀರಿನಲ್ಲಿ? ಜಪಾನೀ ಶೀರ್ಷಿಕೆಗೆ ‘ಮಬ್ಬುಗತ್ತಲ ನೀರಿನ ತಳದಿಂದ’ ಎಂಬರ್ಥವಿದ್ದು, ಅದು ಇಂಗ್ಲಿಷ್ ಹೆಸರಿಗಿಂತ ಸರಿಯಾಗಿ ಹೊಂದುತ್ತದೆ.

ಇನ್ನೊಂದು ಸಂಗತಿಯೂ ಮುಖ್ಯ. ಸೋರಿಕೆಯ ದೂರನ್ನು ಕಟ್ಟಡದ ಮೇಲ್ವಿಚಾರಕನಾಗಲಿ ಮನೆ ತೋರಿಸಿದ ಏಜೆಂಟನಾಗಲಿ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹೆಚ್ಚು ಗಲಾಟೆ ಮಾಡಿದರೆ ಇವಳ ಮನಸ್ಸು ಸ್ಥಿಮಿತದಲ್ಲಿಲ್ಲವೆಂದು ಗಂಡನ ಕಡೆಯವರು ವಾದಿಸುತ್ತಾರೆ. ಅದಕ್ಕೆ ಅವಳ ಹಿಂದಿನ ಚಿಕಿತ್ಸೆಯ ಕತೆಯೂ ಸಿದ್ಧವಾಗಿದೆ. ದೆವ್ವವನ್ನು ತೆಗೆದುಹಾಕಿದರೂ ಈ ಭಾಗ ಹಾಗೆಯೇ ಉಳಿಯುತ್ತದೆ. ಬಾಡಿಗೆ ಮನೆಯಲ್ಲಿ ಎರಡು ಮಳೆಗಾಲ ಕಳೆದ ಯಾರಿಗಾದರೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಉತ್ತರ: ಕೊನೆಬೆಂಚು

ನಾನು ಪ್ರಶ್ನೆ ಕೇಳಿದವರ ಪರ, ಆದರೆ ಕಾರಣ ಬೇರೆ. ಚಿತ್ರಕ್ಕೆ ಆಧಾರವಾದ ಕೋಜಿ ಸುಜುಕಿಯವರ ಕತೆ 1996ರ ಸಂಕಲನದಲ್ಲಿದೆ. ಟೋಕಿಯೊ ಕೊಲ್ಲಿಯನ್ನು ತುಂಬಿಸಿ ಮಾಡಿದ ನೆಲದ ಮೇಲಿನ ಕಟ್ಟಡದಲ್ಲಿ ಅದು ನಡೆಯುತ್ತದೆ, ಮತ್ತು ಅಲ್ಲಿ ತಾಯಿ ಹೀಗೆ ಬಲಿಯಾಗುವುದಿಲ್ಲ. ಬಲಿ ಚಿತ್ರದವರ ಸೇರ್ಪಡೆ. ಅದನ್ನು ಬೇಕಾದರೆ ಒಪ್ಪೋಣ. ಲಿಫ್ಟಿನ ನೀರು ಹರಿದು ಹೋದ ಮೇಲೆ ಹತ್ತು ವರ್ಷ ಮುಂದಕ್ಕೆ ಜಿಗಿದು, ಬೆಳೆದ ಇಕುಕೊ ಅದೇ ಮನೆಗೆ ಬಂದು ತಾಯಿಯೊಡನೆ ಮಾತನಾಡುವುದು ಮಾತ್ರ ನನಗೆ ಬೇಡವೆನಿಸಿತು. ಒದ್ದೆಯಾಗಿಯೇ ಬಿಡಬೇಕಾದ ಚಿತ್ರವನ್ನು ಟವೆಲು ಹಾಕಿ ಒರೆಸಿದಂತಾಯಿತು. 2005ರಲ್ಲಿ ವಾಲ್ಟರ್ ಸಾಲೆಸ್ ಇದನ್ನು ನ್ಯೂಯಾರ್ಕಿನ ರೂಸ್‌ವೆಲ್ಟ್ ದ್ವೀಪಕ್ಕೆ ಒಯ್ದು ಜೆನಿಫರ್ ಕಾನೆಲಿಯವರಿಂದ ಮಾಡಿಸಿದರು. ನಟನೆ ಚೆನ್ನಾಗಿದೆ, ಭಯ ಕಡಿಮೆ.

ಪ್ರಶ್ನೆ ಕೇಳಿದವರು: ತೊಟ್ಟಿಮನೆ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಮೊದಲ ಹತ್ತು ನಿಮಿಷಗಳನ್ನು ಮತ್ತೆ ನೋಡಿದೆ. ಶಿಶುವಿಹಾರದ ಆ ಹುಡುಗಿ ಯೋಶಿಮಿಯೆಂಬುದನ್ನು ಮೊದಲ ಸಲ ಗಮನಿಸಿಯೇ ಇರಲಿಲ್ಲ, ಇಕುಕೊ ಎಂದೇ ಭಾವಿಸಿದ್ದೆ. ಲಿಫ್ಟಿನ ಬಗ್ಗೆ ನನ್ನ ತಕರಾರನ್ನು ಹಿಂತೆಗೆದುಕೊಳ್ಳುತ್ತೇನೆ. ಹತ್ತು ವರ್ಷದ ನಂತರದ ದೃಶ್ಯದ ವಿಷಯದಲ್ಲಿ ನಾನೂ ಕೊನೆಬೆಂಚಿನವರ ಪಕ್ಕದಲ್ಲೇ ಕೂರುತ್ತೇನೆ.