ನೋ ಪಾರ್ಕಿಂಗ್ ದಂಡ: ಯಾವುದು ನಿಲ್ಲುತ್ತೆ, ಯಾವುದು ನಿಲ್ಲಲ್ಲ? ವಕೀಲರ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಪಾರ್ಕಿಂಗ್ ದಂಡದ ಬಗ್ಗೆ ಗುಂಪಿನಲ್ಲಿ ದಿನಾ ಯಾರಾದರೂ ಕೇಳುತ್ತಲೇ ಇರುತ್ತೀರಿ. ಬೆಂಗಳೂರಿನಲ್ಲಿ ಮೋಟಾರು ವಾಹನ ಕೇಸುಗಳನ್ನು ನಡೆಸುವ ನಮ್ಮ ಸದಸ್ಯೆ, ವಕೀಲೆ ಮೇಡಂ, ಇವತ್ತು ಸಂಜೆ ಬಿಡುವು ಮಾಡಿಕೊಂಡಿದ್ದಾರೆ. ಪ್ರಶ್ನೆ ಚಿಕ್ಕದಾಗಿರಲಿ. ಗಾಡಿ ನಂಬರ್, ಫೋನ್ ನಂಬರ್ ಹಾಕಬೇಡಿ.

ಮಲ್ಲೇಶ್ವರದ ಸ್ಕೂಟರ್: ನಮಸ್ಕಾರ ಮೇಡಂ. ಸಂಪಿಗೆ ರಸ್ತೆಯ ಒಂದು ಅಡ್ಡರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿ ಹೂವು ತರಲು ಹೋಗಿದ್ದೆ. ಆಮೇಲೆ ಮೊಬೈಲ್‌ಗೆ ನೋಟಿಸ್ ಬಂತು. ಫೋಟೋದಲ್ಲಿ ಹಿಂದಿನ ನಂಬರ್ ಪ್ಲೇಟ್, ಅರ್ಧ ಟೈರ್, ಟೈರ್ ಪಕ್ಕದಲ್ಲಿ ಒಂದಿಷ್ಟು ಒಣಗಿದ ಎಲೆ. ಅಷ್ಟೇ ಕಾಣೋದು. ಬೋರ್ಡೂ ಇಲ್ಲ, ಫುಟ್‌ಪಾತೂ ಇಲ್ಲ. ಜಾಗದ ಕಡೆ ಬರೀ ‘ಮಲ್ಲೇಶ್ವರ’ ಅಂತಿದೆ. ಆ ರಸ್ತೆಯಲ್ಲಿ ಎಲ್ಲೂ ನೋ ಪಾರ್ಕಿಂಗ್ ಬೋರ್ಡ್ ಇರಲಿಲ್ಲ. ಇದು ಸರಿಯಾದ ದಂಡವಾ?

ವಕೀಲೆ: ನಮಸ್ಕಾರ. ಇದು ಕೂತು ನೋಡಬೇಕಾದ ಕೇಸ್. ಇನ್ನೂ ದುಡ್ಡು ಕಟ್ಟಿಲ್ಲ ತಾನೇ? ಸದ್ಯಕ್ಕೆ ಕಟ್ಟಬೇಡಿ. ದಂಡ ಕಟ್ಟಿದರೆ ಕೇಸ್ ಅಲ್ಲಿಗೆ ಮುಗಿಯಿತು. ಆಮೇಲೆ ನಾನು ತಪ್ಪು ಮಾಡಿರಲಿಲ್ಲ ಅಂದರೆ ಯಾರೂ ಕೇಳುವುದಿಲ್ಲ.

ಮೊದಲು ನೋಟಿಸ್‌ನಲ್ಲಿ ಯಾವ ಸೆಕ್ಷನ್ ಇದೆ ನೋಡಿ. ಪಾರ್ಕಿಂಗ್‌ಗೆ ಸಾಮಾನ್ಯವಾಗಿ 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 122, ಅದರ ಜೊತೆ 177 ಹಾಕುತ್ತಾರೆ. ಸಾರ್ವಜನಿಕ ಜಾಗದಲ್ಲಿ ಬೇರೆಯವರಿಗೆ ಅಪಾಯ, ಅಡ್ಡಿ ಅಥವಾ ಜಾಸ್ತಿ ತೊಂದರೆ ಆಗುವ ಹಾಗೆ ಗಾಡಿ ನಿಲ್ಲಿಸಬಾರದು ಅನ್ನುವುದು 122. ದಂಡ ಎಷ್ಟು ಅನ್ನುವುದು 177ರಲ್ಲಿದೆ. 2019ರ ತಿದ್ದುಪಡಿ ಆದಮೇಲೆ ಮೊದಲ ಸಲಕ್ಕೆ 500 ರೂಪಾಯಿವರೆಗೆ, ಮತ್ತೆ ಮಾಡಿದರೆ 1,500 ರೂಪಾಯಿವರೆಗೆ. ಅದಕ್ಕಿಂತ ಜಾಸ್ತಿ ಕೇಳಿದ್ದರೆ ಬೇರೆ ಯಾವ ಸೆಕ್ಷನ್ ಸೇರಿಸಿದ್ದಾರೆ, ಹಳೇ ಬಾಕಿ ಕೂಡಿಸಿದ್ದಾರಾ ಅಂತ ನೋಡಬೇಕು.

ಈಗ ಫೋಟೋ ವಿಷಯ. ರಸ್ತೆ ಪಕ್ಕ ಗಾಡಿ ನಿಲ್ಲಿಸುವುದೇ ತಪ್ಪು ಅಂತ ಯಾವ ಕಾನೂನೂ ಹೇಳುವುದಿಲ್ಲ. ಎಲ್ಲಿ ನಿಂತಿತ್ತು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅದನ್ನು ತೋರಿಸುವ ಹೊಣೆ ದಂಡ ಹಾಕಿದವರದ್ದು. ಕ್ಯಾಮೆರಾ ಆಧಾರದ ಮೇಲೆ ಹಾಕುವ ದಂಡಕ್ಕೆ 2021ರ ಆಗಸ್ಟ್‌ನಲ್ಲಿ 167ಎ ಅನ್ನುವ ಕೇಂದ್ರದ ನಿಯಮ ಬಂತು. ಅದರಲ್ಲಿ ಪಾರ್ಕಿಂಗ್ ತಪ್ಪೂ ಸೇರಿದೆ. ಚಿತ್ರದಲ್ಲಿ ನಂಬರ್ ಪ್ಲೇಟ್ ಮಾತ್ರ ಕಂಡರೆ ಸಾಲದು, ತಪ್ಪೂ ಕಾಣಬೇಕು. ತಾರೀಖು, ಸಮಯ, ಜಾಗ, ಮುರಿದ ಸೆಕ್ಷನ್ ಇರಬೇಕು. ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳಿಸಿರಬೇಕು. ‘ಮಲ್ಲೇಶ್ವರ’ ಅಂದರೆ ಎಷ್ಟು ರಸ್ತೆ! ಅಷ್ಟು ಬರೆದರೆ ಜಾಗ ಹೇಳಿದ ಹಾಗಾಗಲಿಲ್ಲ.

ಒಂದು ಪ್ರಶ್ನೆ. ನೀವು ನಿಲ್ಲಿಸಿದ್ದು ತಿರುವಿನಿಂದ ಎಷ್ಟು ದೂರದಲ್ಲಿ?

ಮಲ್ಲೇಶ್ವರದ ಸ್ಕೂಟರ್: ತಿರುವಿನಿಂದ ಎರಡು ಅಂಗಡಿ ಆಚೆ ಮೇಡಂ.

ವಕೀಲೆ: ಇದನ್ನು ಮೊದಲೇ ಹೇಳಬೇಕಿತ್ತು. 2017ರ ವಾಹನ ಚಾಲನಾ ನಿಯಮಗಳ ಪ್ರಕಾರ ಜಂಕ್ಷನ್ ಅಂಚಿನಿಂದ 50 ಮೀಟರ್‌ವರೆಗೆ ಪಾರ್ಕಿಂಗ್ ಮಾಡುವಂತಿಲ್ಲ. ಪಾರ್ಕಿಂಗ್ ಜಾಗ ಅಂತ ಗುರುತು ಹಾಕಿದ್ದರೆ ಮಾತ್ರ ಬೇರೆ. ಅಲ್ಲಿ ಬೋರ್ಡ್ ಬೇಕಾಗಿಲ್ಲ. ಫುಟ್‌ಪಾತ್ ಮೇಲೆ, ಜೀಬ್ರಾ ಪಟ್ಟೆ ಮೇಲೆ, ಬಸ್ ಸ್ಟಾಪ್ ಹತ್ತಿರ, ಶಾಲೆ-ಆಸ್ಪತ್ರೆ ಬಾಗಿಲಲ್ಲಿ, ಯಾರದೇ ಮನೆಯ ಗೇಟ್ ಮುಂದೆ ನಿಲ್ಲಿಸಿದರೂ ಇದೇ ಮಾತು. ‘ಬೋರ್ಡ್ ಇರಲಿಲ್ಲ’ ಅನ್ನುವ ವಾದ ಈ ಜಾಗಗಳಲ್ಲಿ ಓಡುವುದಿಲ್ಲ.

ಹೀಗೆ ಮಾಡಿ. ನೋಟಿಸ್ ಕೊಟ್ಟ ಠಾಣೆಗೆ ಹೋಗಿ ಪೂರ್ತಿ ಫೋಟೋ ಕೇಳಿ. ಒಂದೇ ಫೋಟೋ ತೆಗೆದಿರುವುದು ಕಡಿಮೆ. ಬೇರೆ ಫೋಟೋದಲ್ಲಿ ತಿರುವು ಕಾಣುತ್ತಿದ್ದರೆ ಸುಮ್ನೆ ಕಟ್ಟಿಬಿಡಿ. ಇದೊಂದೇ ಇದ್ದರೆ ಬರವಣಿಗೆಯಲ್ಲಿ ತಕರಾರು ಕೊಟ್ಟು ಸ್ವೀಕೃತಿ ತಗೊಳ್ಳಿ. ಅವರು ಒಪ್ಪದಿದ್ದರೆ ಕೋರ್ಟಿನಲ್ಲಿ ಇದೇ ಮಾತು ಹೇಳಬಹುದು. ಆದರೆ ಎಲ್ಲಿ ನಿಲ್ಲಿಸಿದ್ದಿರಿ ಅಂತ ಮ್ಯಾಜಿಸ್ಟ್ರೇಟ್ ನೇರವಾಗಿ ಕೇಳಿದರೆ ಸುಳ್ಳು ಹೇಳಬೇಡಿ.

ಕೋರಮಂಗಲ ಟೆಕ್ಕಿ: ನಾನು ಕಾರಿನ ಒಳಗೇ ಕೂತಿದ್ದೆ, ಇಂಜಿನ್ ಆನ್ ಇತ್ತು, ಇಂಡಿಕೇಟರ್ ಹಾಕಿದ್ದೆ. ಆದರೂ ದಂಡ ಹಾಕಿದ್ದಾರೆ. ಇದು ಪಾರ್ಕಿಂಗ್ ಹೇಗಾಗುತ್ತೆ?

ವಕೀಲೆ: ಆಗುತ್ತೆ. ಜನ ಇಳಿಸಿ ತಕ್ಷಣ ಹೊರಟರೆ ಪಾರ್ಕಿಂಗ್ ಅಲ್ಲ. ಯಾರಿಗಾದರೂ ಕಾಯುತ್ತಾ ನಿಂತರೆ ಪಾರ್ಕಿಂಗ್. ಸೆಕ್ಷನ್ 122ಕ್ಕೆ ಸೀಟಿನಲ್ಲಿ ಯಾರಿದ್ದಾರೆ ಅನ್ನುವುದು ಲೆಕ್ಕಕ್ಕಿಲ್ಲ. ನಾಲ್ಕೂ ಇಂಡಿಕೇಟರ್ ಗಾಡಿ ಕೆಟ್ಟು ನಿಂತಾಗ ಹಾಕಲು ಇರುವುದು.

ಬನಶಂಕರಿ ಬುಲೆಟ್: ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕ್ತಿದ್ದೀನಿ. “ಸುಪ್ರೀಂ ಕೋರ್ಟ್ ಆದೇಶ! ಪೇದೆ ತೆಗೆದ ಫೋಟೋಗೆ ದಂಡ ಕಟ್ಟಬೇಕಿಲ್ಲ. ಒಂದು ಸಲ ದಂಡ ಕಟ್ಟಿದರೆ 24 ಗಂಟೆ ಮತ್ತೆ ಹಾಕುವಂತಿಲ್ಲ. 15 ದಿನದಲ್ಲಿ ಒರಿಜಿನಲ್ ದಾಖಲೆ ತೋರಿಸಿದರೆ ದಂಡ ಮಾಫಿ. ತಪ್ಪದೇ ಹತ್ತು ಜನರಿಗೆ ಕಳಿಸಿ.”

ವಕೀಲೆ: ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ. ಕೇಸ್ ಹೆಸರು ಎಲ್ಲಿದೆ? ತಾರೀಖು ಎಲ್ಲಿದೆ? ಸ್ಥಳದಲ್ಲೇ ದಂಡ ಕಟ್ಟಿಸಿಕೊಳ್ಳುವ ಅಧಿಕಾರ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿ ಹೇಳಿದ ದರ್ಜೆಯ ಅಧಿಕಾರಿಗಳಿಗೆ ಮಾತ್ರ ಇರುವುದು ನಿಜ, ಸೆಕ್ಷನ್ 200 ನೋಡಿ. ಆದರೆ ಫೋಟೋ ತೆಗೆಯುವುದು ಸಾಕ್ಷಿ ಹಿಡಿಯುವ ಕೆಲಸ. ಅದನ್ನು ಪೇದೆ ಮಾಡಿದರೆ ದಂಡ ಬಿದ್ದುಹೋಗುವುದಿಲ್ಲ. ಬೆಳಿಗ್ಗೆ ಒಂದು ಕಡೆ ನಿಲ್ಲಿಸಿ, ಗಾಡಿ ತೆಗೆದು, ಮಧ್ಯಾಹ್ನ ಮತ್ತೆ ಅಲ್ಲೇ ತಂದು ನಿಲ್ಲಿಸಿದರೆ ಅದು ಇನ್ನೊಂದು ತಪ್ಪು, ಇನ್ನೊಂದು ದಂಡ. ದಾಖಲೆಯ 15 ದಿನದ ವಿಷಯ ಡಿಎಲ್, ಇನ್ಶೂರೆನ್ಸ್ ಕೈಯಲ್ಲಿ ಇಲ್ಲದಿದ್ದಾಗ ಬರುವುದು. ಪಾರ್ಕಿಂಗ್‌ಗೂ ಅದಕ್ಕೂ ಸಂಬಂಧ ಇಲ್ಲ. ಇಂಥ ಫಾರ್ವರ್ಡ್ ನಂಬಿ ನೋಟಿಸ್ ಹರಿದು ಹಾಕಿದವರು ಆಮೇಲೆ ಸಮನ್ಸ್ ಹಿಡಿದು ನನ್ನ ಹತ್ತಿರ ಬರುತ್ತಾರೆ. ನೋವಾಗುತ್ತೆ.

ಬನಶಂಕರಿ ಬುಲೆಟ್: ನಮ್ಮ ಅಣ್ಣ ಕಳಿಸಿದ್ದು ಮೇಡಂ. ಅವರೇನು ಸುಳ್ಳು ಹೇಳ್ತಾರಾ?

ಮೈಸೂರು ಪ್ರವಾಸಿ: ಮೇಡಂ, ಊಟಿಯಲ್ಲಿ ದಂಡ ಬಿದ್ದಿದೆ. ಗಾಡಿ ಕೆಎ. ಇಲ್ಲಿಂದಲೇ ತಕರಾರು ಕೊಡಬಹುದಾ?

ಹುಬ್ಬಳ್ಳಿಯ ಮಗಳು: ನಮಸ್ಕಾರ ರೀ ಮೇಡಂ. ಅಪ್ಪಾಜಿ ಎರಡು ವರ್ಷದ ಹಿಂದೆ ಹಳೇ ಕಾರನ್ನು ಒಬ್ಬ ಡೀಲರ್‌ಗೆ ಕೊಟ್ಟರು. ಆರ್‌ಸಿ ಇನ್ನೂ ಅಪ್ಪಾಜಿ ಹೆಸರಲ್ಲೇ ಇದೆ. ಈಗ ಬೆಂಗಳೂರಿನಿಂದ ಪಾರ್ಕಿಂಗ್ ದಂಡ ಬರುತ್ತಾ ಇದೆ. ಸಣ್ಣ ಮೊತ್ತ, ಯಾಕೆ ಕೋರ್ಟು ಕಚೇರಿ ಅಂತ ಅಪ್ಪಾಜಿ ಸುಮ್ನೆ ಕಟ್ಟುತ್ತಾ ಬಂದಿದ್ದಾರೆ. ಇನ್ನು ಮುಂದೆ ಬರದ ಹಾಗೆ ಏನು ಮಾಡಬೇಕು?

ವಕೀಲೆ: ಅಮ್ಮಾ, ಇವತ್ತು ಬಂದ ಪ್ರಶ್ನೆಗಳಲ್ಲಿ ನನಗೆ ಭಯ ಆಗಿದ್ದು ಇದಕ್ಕೆ. ದಂಡದ ಮೊತ್ತ ಬಿಡಿ. ಆ ಕಾರು ಬೆಂಗಳೂರಿನ ರಸ್ತೆಯಲ್ಲಿ ಯಾರ ಕೈಯಲ್ಲೋ ಓಡುತ್ತಿದೆ, ಕಾಗದದಲ್ಲಿ ನಿಮ್ಮ ಅಪ್ಪಾಜಿಯೇ ಮಾಲೀಕರು. ನಾಳೆ ಅದು ಯಾರಿಗಾದರೂ ಗುದ್ದಿ, ಇನ್ಶೂರೆನ್ಸ್ ಇಲ್ಲದೇ ಇದ್ದರೆ, ಪರಿಹಾರದ ಹೊಣೆ ಬಂದು ಬೀಳುವುದು ಆರ್‌ಸಿಯಲ್ಲಿ ಹೆಸರಿರುವವರ ಮೇಲೆ. 2018ರಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಕೇಸಿನಲ್ಲಿ ಇದನ್ನೇ ಹೇಳಿತು. ಆ ಕಾರು ಒಬ್ಬರಿಂದ ಒಬ್ಬರಿಗೆ ಕೈ ಬದಲಾಗುತ್ತಾ ಹೋಗಿತ್ತು. ಆರ್‌ಸಿ ಮಾತ್ರ ಮೊದಲನೆಯವರ ಹೆಸರಲ್ಲೇ ಉಳಿದಿತ್ತು. ಹೊಣೆ ಅವರದ್ದೇ ಆಯಿತು. ಅಪಘಾತದಲ್ಲಿ ನೊಂದವರು ಕೊನೆಯ ಖರೀದಿದಾರ ಯಾರು ಅಂತ ಹುಡುಕಿಕೊಂಡು ಅಲೆಯುವಂತಾಗಬಾರದು ಅನ್ನುವುದು ಕೋರ್ಟಿನ ಕಾಳಜಿ. ಅದು ಸರಿಯೇ. ಆದರೆ ಮಾರಿ ಕೈ ತೊಳೆದುಕೊಂಡೆ ಅಂದುಕೊಂಡವರಿಗೆ ದೊಡ್ಡ ಪೆಟ್ಟು.

ಸೆಕ್ಷನ್ 50ರ ಪ್ರಕಾರ ಅದೇ ರಾಜ್ಯದೊಳಗೆ ಮಾರಿದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಅದಕ್ಕೆ ನಮೂನೆ 29. ಕೊಂಡವರು 30 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಅದಕ್ಕೆ ನಮೂನೆ 30. ಬರೀ ಡೆಲಿವರಿ ನೋಟ್‌ಗೆ ಸಹಿ ಹಾಕಿ ಬಂದರೆ ಸಾಲದು. 2023ರ ಏಪ್ರಿಲ್ 1ರಿಂದ ಹಳೇ ಗಾಡಿ ಡೀಲರ್‌ಗಳು ನೋಂದಣಿ ಮಾಡಿಸಿಕೊಂಡು ಅಧಿಕೃತರಾಗಬೇಕು. ಅಂಥ ಡೀಲರ್‌ಗೆ ಕೊಟ್ಟಾಗ ನಮೂನೆ 29ಸಿಯಲ್ಲಿ ಆರ್‌ಟಿಒಗೆ ತಿಳಿಸಿದರೆ ಅಲ್ಲಿಂದ ಮುಂದೆ ಹೊಣೆ ಡೀಲರ್‌ದು. ನೀವು ಕೊಟ್ಟ ಡೀಲರ್ ಅಧಿಕೃತನಾ? 29ಸಿ ಆಗಿದೆಯಾ? ಮೊದಲು ಅದನ್ನು ನೋಡಿ.

ಅಪ್ಪಾಜಿಗೆ ಹೇಳಿ, ಇನ್ನು ಮೇಲೆ ಆ ದಂಡ ಸುಮ್ನೆ ಕಟ್ಟಬಾರದು. ಹಾಗೆ ಕಟ್ಟುತ್ತಾ ಹೋದರೆ ಗಾಡಿ ನನ್ನ ಕೈಯಲ್ಲೇ ಇದೆ ಅಂತ ಅವರೇ ಒಪ್ಪಿಕೊಂಡ ಹಾಗೆ ಕಾಣುತ್ತೆ. ಪ್ರತಿ ನೋಟಿಸಿಗೂ ಗಾಡಿ ಇಂಥ ದಿನ ಇಂಥವರಿಗೆ ಕೊಟ್ಟಿದ್ದೇನೆ ಅಂತ ಬರೆದು ಉತ್ತರಿಸಿ, ರಸೀದಿ ಲಗತ್ತಿಸಿ. ಗಾಡಿ ಓಡಿಸುತ್ತಿದ್ದವರು ಯಾರು ಅಂತ ಪೊಲೀಸರು ಕೇಳಿದರೆ ಗೊತ್ತಿರುವ ಮಾಹಿತಿ ಕೊಡುವುದು ಸೆಕ್ಷನ್ 133ರಡಿ ಮಾಲೀಕರ ಕರ್ತವ್ಯವೂ ಹೌದು. ನೋಟಿಸ್‌ನ ಫೋಟೋ ಇಟ್ಟುಕೊಳ್ಳಿ. ಕಾರು ಯಾವ ಬಡಾವಣೆಯಲ್ಲಿ ನಿಲ್ಲುತ್ತೆ ಅಂತ ಅದರಿಂದಲೇ ಗೊತ್ತಾಗುತ್ತೆ, ಹುಡುಕಲು ಅದೇ ದಾರಿ.

ಹುಬ್ಬಳ್ಳಿಯ ಮಗಳು: ಇದು ಇಷ್ಟು ದೊಡ್ಡದು ಅಂತ ಗೊತ್ತೇ ಇರಲಿಲ್ಲ ರೀ. ಈಗಲೇ ಕಾಗದ ಹುಡುಕುತ್ತೀನಿ.

ಕ್ಯಾಬ್ ಚಾಲಕ: ಮೇಡಂ, ನನ್ನದು ಒಂದು. ವಿಜಯನಗರದಲ್ಲಿ ಮನೆಯವರು ತಾವೇ ನೋ ಪಾರ್ಕಿಂಗ್ ಬೋರ್ಡ್ ನೇತುಹಾಕಿ, ರಸ್ತೆ ಮೇಲೆ ಹೂಕುಂಡ ಇಟ್ಟಿರುತ್ತಾರೆ. ಅಲ್ಲಿ ನಿಲ್ಲಿಸಿದರೆ ದಂಡ ಹಾಕಬಹುದಾ?

ವಿಜಯನಗರ ನಿವಾಸಿ: ಮನೆ ಕಟ್ಟಿಸಿದ್ದು ನಾವು, ತೆರಿಗೆ ಕಟ್ಟೋದು ನಾವು. ರಾತ್ರಿಯೆಲ್ಲ ಕ್ಯಾಬ್ ತಂದು ನಿಲ್ಲಿಸಿ ಹೋಗ್ತೀರಿ. ಬೆಳಿಗ್ಗೆ ನಮ್ಮ ಕಾರು ಆಚೆ ತೆಗೆಯೋಕೆ ಆಗಲ್ಲ.

ಕ್ಯಾಬ್ ಚಾಲಕ: ಗೇಟ್ ಮುಂದೆ ಯಾವತ್ತೂ ನಿಲ್ಲಿಸಿಲ್ಲ ಸಾರ್. ಕಾಂಪೌಂಡ್ ಪಕ್ಕ ನಿಲ್ಲಿಸ್ತೀನಿ. ರಸ್ತೆ ನಿಮ್ಮ ಹೆಸರಿಗೆ ಬರೆದುಕೊಟ್ಟಿದ್ದಾರಾ?

ವಿಜಯನಗರ ನಿವಾಸಿ: ಮುಂದಿನ ಸಲ ನಾಲ್ಕು ಟೈರಿನ ಗಾಳಿ ತೆಗೀತೀನಿ. ಆಗ ಗೊತ್ತಾಗುತ್ತೆ.

ಕ್ಯಾಬ್ ಚಾಲಕ: ತೆಗೀರಿ ನೋಡೋಣ. ನಾವು ದುಡಿದು ತಿನ್ನೋರು. ಮಧ್ಯರಾತ್ರಿ ಡ್ಯೂಟಿ ಮುಗಿಸಿ ಬಂದರೆ ಗಾಡಿ ಎಲ್ಲಿಡೋದು, ತಲೆ ಮೇಲಾ?

ವಕೀಲೆ: ಇಬ್ಬರೂ ಸ್ವಲ್ಪ ನಿಲ್ಲಿ. ರಸ್ತೆಯಲ್ಲಿ ಸಂಚಾರ ಫಲಕ ಹಾಕುವ ಅಧಿಕಾರ ಸೆಕ್ಷನ್ 116ರಡಿ ಸರ್ಕಾರಕ್ಕೆ, ಸರ್ಕಾರ ಒಪ್ಪಿಸಿದ ಪ್ರಾಧಿಕಾರಕ್ಕೆ ಮಾತ್ರ. ಮನೆಯವರು, ಅಂಗಡಿಯವರು ನೇತುಹಾಕಿದ ಬೋರ್ಡಿಗೆ ಬೆಲೆ ಇಲ್ಲ. ಅದನ್ನು ನೋಡಿ ದಂಡ ಹಾಕಲು ಆಗುವುದಿಲ್ಲ. ಗೇಟ್‌ಗೆ ಅಡ್ಡ ನಿಲ್ಲಿಸಿದರೆ ಮಾತ್ರ ಬೋರ್ಡ್ ಇಲ್ಲದಿದ್ದರೂ ದಂಡ. ಮನೆಯವರು 112ಕ್ಕೆ ಫೋನ್ ಮಾಡಿ ತೆಗೆಸಬಹುದು. ಇನ್ನೊಬ್ಬರ ಗಾಡಿಗೆ ಕೈ ಹಾಕಿದರೆ ಸೆಕ್ಷನ್ 198ರಡಿ ನಿಮ್ಮ ಮೇಲೇ ಕೇಸ್ ಬರಬಹುದು, ಹುಷಾರು.

ವಿಜಯನಗರ ನಿವಾಸಿ: ವಕೀಲರು ಯಾವಾಗಲೂ ಹೊರಗಿನವರ ಪರವೇ ಮಾತಾಡೋದು.

ಆರ್‌ಟಿ ನಗರದ ಅಂಕಲ್: ಕ್ಯಾಬ್‌ನವರಿಂದಲೇ ಬೆಂಗಳೂರು ಹಾಳಾಗಿದ್ದು.

ಕ್ಯಾಬ್ ಚಾಲಕ: ನಾಳೆ ಏರ್‌ಪೋರ್ಟ್‌ಗೆ ನಡ್ಕೊಂಡು ಹೋಗಿ ಅಂಕಲ್.

ಅಡ್ಮಿನ್: ವಿಷಯಕ್ಕೆ ಬನ್ನಿ. ಇನ್ನೊಂದು ಇಂಥ ಮಾತು ಬಂದರೆ ತೆಗೆದುಹಾಕುತ್ತೇನೆ.

ಪೀಣ್ಯ ಗೂಡ್ಸ್: ಗಾಡಿ ಎತ್ತಿಕೊಂಡು ಹೋಗುವಾಗ ಪೊಲೀಸರು ಇರಲೇಬೇಕಾ?

ವಕೀಲೆ: ಹೌದು. ಸೆಕ್ಷನ್ 127ರ ಪ್ರಕಾರ ಆ ವ್ಯಾಪ್ತಿಯ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಒಪ್ಪಿಗೆ ಕೊಟ್ಟಿರಬೇಕು. ಟೋಯಿಂಗ್ ಹುಡುಗರು ತಾವಾಗಿಯೇ ಎತ್ತುವಂತಿಲ್ಲ. ಜನರ ಸಿಟ್ಟು ಹೆಚ್ಚಾಗಿ ಬೆಂಗಳೂರಿನಲ್ಲಿ 2022ರ ಫೆಬ್ರವರಿಯಲ್ಲಿ ಟೋಯಿಂಗ್ ನಿಲ್ಲಿಸಿದ್ದು ನೆನಪಿರಬಹುದು. ಕಾನೂನಿನ ಸೆಕ್ಷನ್ ಮಾತ್ರ ಹಾಗೇ ಇದೆ. ನಿಯಮ ಪ್ರಕಾರ ಎತ್ತಿದ್ದರೆ ಖರ್ಚು ನಿಮ್ಮದೇ, ದಂಡದ ಮೇಲೆ ಅದೂ ಸೇರುತ್ತೆ.

ಯಲಹಂಕ ಆಲ್ಟೊ: ಮೇಡಂ, ನಾನೂ ಕಾರಿನ ಒಳಗೇ ಕೂತಿದ್ದೆ...

ವಕೀಲೆ: ಮೇಲೆ ಓದಿ.

ಜಯನಗರದ ಸದಸ್ಯ: ಬಾಕಿ ದಂಡಕ್ಕೆ 50% ರಿಯಾಯಿತಿ ಮತ್ತೆ ಯಾವಾಗ?

ವಕೀಲೆ: ಸರ್ಕಾರ ಆದೇಶ ಮಾಡಿದಾಗ. 2023ರ ಫೆಬ್ರವರಿಯಲ್ಲಿ ಕೊಟ್ಟರು, 2025ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಕೊಟ್ಟರು. ಅದಕ್ಕೆ ಕಾದು ಕೂರಬೇಡಿ.

ಬನಶಂಕರಿ ಬುಲೆಟ್: ಆರು ತಿಂಗಳು ಕಳೆದರೆ ದಂಡ ತಾನೇ ಹೋಗುತ್ತಂತೆ, ಇದಾದರೂ ನಿಜವಾ?

ವಕೀಲೆ: ಅರ್ಧ ನಿಜ. ದಂಡ ಮಾತ್ರ ಶಿಕ್ಷೆ ಇರುವ ತಪ್ಪಿಗೆ ಕೋರ್ಟು ಆರು ತಿಂಗಳೊಳಗೆ ಕೇಸ್ ಕೈಗೆತ್ತಿಕೊಳ್ಳಬೇಕು. ಮೊದಲು ಇದು ಸಿಆರ್‌ಪಿಸಿ, ಅಂದರೆ ಹಳೇ ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 468ರಲ್ಲಿತ್ತು, 2024ರ ಜುಲೈ 1ರಿಂದ ಅದರ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 514ರಲ್ಲಿದೆ. ಕೋರ್ಟು ಸಮಯದೊಳಗೆ ಕೈಗೆತ್ತಿಕೊಂಡಿದ್ದರೆ ಈ ವಾದ ಇಲ್ಲ. ಕಾರಣ ಸರಿ ಕಂಡರೆ ತಡವನ್ನು ಮನ್ನಿಸುವ ಅಧಿಕಾರವೂ ಕೋರ್ಟಿಗಿದೆ. ನೋಟಿಸ್ 15 ದಿನ ದಾಟಿ ಬಂತು ಅನ್ನುವುದೂ ಹೀಗೇ. ನೀವು ಹೋಗಿ ಹೇಳಿಕೊಂಡರೆ ಕೇಳುತ್ತಾರೆ. ಮನೆಯಲ್ಲಿ ಕೂತರೆ ಬಾಕಿ ಬಾಕಿಯಾಗಿಯೇ ಉಳಿಯುತ್ತೆ.

ಹೊಸ ಸದಸ್ಯ: ದಂಡ ಇದೆಯಾ ಅಂತ ತಕ್ಷಣ ನೋಡಲು ಈ ಆ್ಯಪ್ ಹಾಕಿಕೊಳ್ಳಿ. ಆರ್‌ಟಿಒ ಚಲನ್ ಎಪಿಕೆ.

ವಕೀಲೆ: ಅಡ್ಮಿನ್, ಇದನ್ನು ಈ ಕ್ಷಣ ತೆಗೆಯಿರಿ! ಯಾರೂ ಒತ್ತಬೇಡಿ. ಯಾವ ಪೊಲೀಸ್ ಇಲಾಖೆಯೂ ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್ ಕಳಿಸುವುದಿಲ್ಲ. ಅದು ಮೊಬೈಲ್ ಒಳಗೆ ಸೇರಿ ಒಟಿಪಿ ಓದಿ ಖಾತೆ ಖಾಲಿ ಮಾಡುತ್ತೆ. ದಂಡ ನೋಡಬೇಕಾದರೆ ಕೇಂದ್ರ ಸಾರಿಗೆ ಇಲಾಖೆಯ ಪರಿವಾಹನ್‌ನ ಇ-ಚಲನ್ ತಾಣ ಅಥವಾ ಬೆಂಗಳೂರು ಸಂಚಾರ ಪೊಲೀಸರ ತಾಣಕ್ಕೆ ನೀವೇ ವಿಳಾಸ ಟೈಪ್ ಮಾಡಿ ಹೋಗಿ. ಕೊನೆಯಲ್ಲಿ ಜಿಒವಿ ಡಾಟ್ ಇನ್ ಇರಬೇಕು. ಈಗಾಗಲೇ ಹಾಕಿಕೊಂಡವರು ನೆಟ್ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಅಡ್ಮಿನ್: ತೆಗೆದಿದ್ದೇನೆ. ಹಾಕಿದವರನ್ನೂ ಹೊರಗೆ ಕಳಿಸಿದ್ದೇನೆ.

ಬನಶಂಕರಿ ಬುಲೆಟ್: ಪಾಪ, ಗೊತ್ತಿಲ್ಲದೇ ಹಾಕಿರಬಹುದು. ಇಲ್ಲಿ ಏನು ಹಾಕಿದರೂ ಬೈಗುಳವೇ.

ವಕೀಲೆ: ಗೊತ್ತಿಲ್ಲದೇ ಕಳಿಸಿದರೂ ಹೋಗುವುದು ಇನ್ನೊಬ್ಬರ ದುಡ್ಡು. ಓದದೆ ಕಳಿಸುವುದನ್ನು ಬಿಡಿ, ಅಷ್ಟೇ ಕೇಳುತ್ತಿರುವುದು.

ಮೈಸೂರು ಪ್ರವಾಸಿ: ನನ್ನ ಊಟಿ ಪ್ರಶ್ನೆ ಯಾರೂ ನೋಡಲೇ ಇಲ್ಲ.

ಆರ್‌ಟಿ ನಗರದ ಅಂಕಲ್: ಎಲ್ಲರಿಗೂ ಫ್ರೀ ಸಲಹೆ ಬೇಕು. ತಾಳ್ಮೆ ಮಾತ್ರ ಬೇಡ.

ಹುಬ್ಬಳ್ಳಿಯ ಮಗಳು: ಮೇಡಂ, ಡೆಲಿವರಿ ನೋಟ್ ಸಿಕ್ಕಿತು. ತಾರೀಖು ಇದೆ, ಡೀಲರ್ ಸೀಲ್ ಇದೆ. 29ಸಿ ಮಾತ್ರ ಇಲ್ಲ.

ವಕೀಲೆ: ಸೀಲ್ ಇರುವುದು ಒಳ್ಳೆಯದಾಯಿತು. ಅದರ ಪ್ರತಿ ಇಟ್ಟು, ಕಾರು ನೋಂದಣಿ ಆಗಿರುವ ಆರ್‌ಟಿಒಗೆ ಅಪ್ಪಾಜಿಯ ಸಹಿಯಲ್ಲಿ ಅರ್ಜಿ ಬರೆದುಕೊಡಿ. ಗಾಡಿ ಇಂಥ ದಿನ ಕೊಟ್ಟಿದ್ದೇನೆ, ಹೆಸರು ಬದಲಾಗಿಲ್ಲ, ದಂಡದ ನೋಟಿಸ್ ಬರುತ್ತಿದೆ ಅಂತ ಸ್ಪಷ್ಟವಾಗಿರಲಿ. ಸ್ವೀಕೃತಿ ಮೊಹರು ಇಲ್ಲದೆ ಎದ್ದು ಬರಬೇಡಿ. ಡೀಲರ್‌ಗೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ನೋಟಿಸ್ ಹೋಗಲಿ. ಕಾರಿನ ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯಾ ಅಂತ ಪರಿವಾಹನ್‌ನಲ್ಲಿ ಇವತ್ತೇ ನೋಡಿ ನನಗೆ ಪ್ರತ್ಯೇಕವಾಗಿ ಬರೆಯಿರಿ. ಇಲ್ಲ ಅಂತ ಬಂದರೆ ಎಷ್ಟೇ ಹೊತ್ತಾಗಿರಲಿ ತಿಳಿಸಿ.